ಗ್ಯಾಸ್ ಪೈಪ್ ಪಕ್ಕದ ಗುಂಡಿ: ಪರೀಕ್ಷೆ ಆಗೋವರೆಗೂ ಮುಚ್ಚಲು ಬಿಡಬೇಡಿ

(ನಿವಾಸಿಗಳ ಗುಂಪಿನ ಚಾಟ್; ಹೆಸರಿನ ಜಾಗದಲ್ಲಿ ಮನೆ ನಂಬರ್ ಇದೆ.)

ಬಿ-7: ಕೇಬಲ್‌ಗೆ ಅಗೆಯುತ್ತಿದ್ದ ಜೆಸಿಬಿ ಗ್ಯಾಸ್ ಪೈಪಿಗೆ ತಾಗಿದೆ. ಹಳದಿ ಎಚ್ಚರಿಕೆ ಪಟ್ಟಿ ಹರಿದು ಮಣ್ಣಿನ ಮೇಲೆ ಬಿದ್ದಿದೆ. ವಾಸನೆ ಇಲ್ಲ, ಏನೂ ಆಗಿಲ್ಲ ಅಂತ ಮುಚ್ಚಲು ಹೊರಟಿದ್ದಾರೆ. ಎಲ್ಲರೂ ಬನ್ನಿ.

ಸಿ-3: ಯಾರೂ ಹೋಗಬೇಡಿ! ಯಂತ್ರ ಆಫ್ ಮಾಡಿಸಿ, ನೀವೂ ದೂರ ಸರಿಯಿರಿ. ಮೊದಲು ಗ್ಯಾಸ್‌ನವರ ತುರ್ತು ನಂಬರಿಗೆ ಫೋನ್ ಮಾಡಿ.

ಡಿ-1: ಮಾಡಿದೆ ಸರ್. ಹೊರಟಿದ್ದಾರಂತೆ.

ಎ-12: ವಾಸನೆ ಇಲ್ಲ ಅಂದ ಮೇಲೆ ಸುಮ್ನೆ ಯಾಕೆ ಗಾಬರಿ? ಕೇಬಲ್ ಕೆಲಸ ಈಗಾಗಲೇ ತಡವಾಗಿದೆ.

ಸಿ-3: ಮೇಡಂ, ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ನಮ್ಮ ಮೂಗಿಗೆ ಬಡಿಯೋದು ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್ ಅನ್ನೋ ರಾಸಾಯನಿಕ. ಗ್ಯಾಸ್ ಮಣ್ಣಿನೊಳಗೆ ಹಾದು ಬಂದರೆ ಆ ವಾಸನೆಯನ್ನು ಮಣ್ಣೇ ಹೀರಿಕೊಳ್ಳಬಹುದು. ಇವತ್ತು ಸೋರದಿದ್ದರೂ ಪೈಪಿನ ಮೇಲೆ ಗೀರು ಬಿದ್ದಿದ್ದರೆ ಅದು ಹಾಗೇ ಉಳಿಯುತ್ತೆ. ಬೆಲ್ಜಿಯಂನ ಗಿಲೆಂಗಿಯೆನ್‌ನಲ್ಲಿ ಯಂತ್ರ ತಾಗಿ ಪೈಪ್ ತೆಳುವಾಗಿತ್ತು. ಆಗ ಏನೂ ಆಗಲಿಲ್ಲ. ಆಮೇಲೆ, 2004ರ ಜುಲೈನಲ್ಲಿ, ಒತ್ತಡ ಏರಿದಾಗ ಒಡೆಯಿತು. 24 ಜನ ಸತ್ತರು. ಅದು ಭಾರಿ ಒತ್ತಡದ ಲೈನ್, ನಮ್ಮದು ಅಂಥದ್ದಲ್ಲ ನಿಜ. ಆದರೂ ನೋಡದೆ ಮುಚ್ಚೋದು ತಪ್ಪೇ.

ಬಿ-7: ದೂರ ಬಂದಿದ್ದೇನೆ. ಆಗಲೇ ತೆಗೆದ ಫೋಟೋ ಹಾಕಿದ್ದೇನೆ ನೋಡಿ. ಪೈಪ್ ಜೊತೆಗಿದ್ದ ತೆಳು ತಂತಿ ತುಂಡಾಗಿದೆ. ಯಾವುದೋ ಹಳೇ ವೈರು ಅಂದರು.

ಸಿ-3: ಹಳೇ ವೈರಂತೆ! ಪೈಪ್ ಪ್ಲಾಸ್ಟಿಕ್. ಮೇಲಿನಿಂದ ಹುಡುಕುವ ಯಂತ್ರಕ್ಕೆ ಅದು ಸುಲಭವಾಗಿ ಸಿಗಲ್ಲ. ಆ ತಂತಿಗೆ ಸಿಗ್ನಲ್ ಕೊಟ್ಟು ಪೈಪ್ ಎಲ್ಲಿದೆ ಅಂತ ಪತ್ತೆ ಮಾಡ್ತಾರೆ. ಜೋಡಿಸದೆ ಮುಚ್ಚಿದರೆ ಮುಂದೆ ಅಗೆಯುವವರು ಕಣ್ಣು ಕಟ್ಟಿಕೊಂಡು ಅಗೆದ ಹಾಗೆ.

ಎ-12: ಸರಿ ಸರ್, ಅವರು ಬಂದಾಗ ಏನು ಕೇಳೋಣ?

ಸಿ-3: ಪೈಪ್ ಒರೆಸಿ ಗೀರಿನ ಆಳ ಅಳೆಯಲಿ. ಪೈಪಿನ ಗೋಡೆಯ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಆ ತುಂಡನ್ನೇ ಬದಲಿಸುತ್ತಾರೆ. ಟೇಪ್ ಸುತ್ತಿದರೆ ಒಪ್ಪಬೇಡಿ. ಸೋರಿಕೆ ಪರೀಕ್ಷೆ ಆಗಲಿ, ತಂತಿ ಜೋಡಿಸಲಿ. ಎಲ್ಲಾ ಕಣ್ಣಾರೆ ನೋಡಿ ಬರೆದು ಸಹಿ ಹಾಕಿ ಕೊಡಲಿ. ಹಳೇ ದಾಖಲೆಯಲ್ಲಿ ಸರಿಯಿದೆ ಅಂದರೆ ಸಾಲದು. 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ ಒಡೆದ ಪೈಪು ದಾಖಲೆಯಲ್ಲಿ ಉದ್ದ ಬೆಸುಗೆಯಿಲ್ಲದ್ದು. ನೆಲದೊಳಗೆ ಇದ್ದದ್ದು ಕೆಟ್ಟ ಬೆಸುಗೆಯದ್ದು. 8 ಜನ ಸತ್ತರು.

ಡಿ-1: ಪತ್ರ ನಾನೇ ಬರೆಯುತ್ತೇನೆ, ಗುತ್ತಿಗೆದಾರರಿಗೂ ಒಂದು ಪ್ರತಿ. ಇನ್ನು ಮುಂದೆ ಗ್ಯಾಸ್‌ನವರು ಗುರುತು ಹಾಕಿಕೊಡದೆ ಒಂದು ಗುದ್ದಲಿಯೂ ಬೀಳಬಾರದು.

ಎ-12: ಪತ್ರಕ್ಕೆ ನಮ್ಮ ಸಾಲಿನ ಸಹಿ ನಾನು ತರುತ್ತೇನೆ.

ಡಿ-1: ಗ್ಯಾಸ್‌ನವರು ಬಂದರು. ಕೇಬಲ್ ಕೊಳವೆಯೊಳಗೆ ಗ್ಯಾಸ್ ಹರಿದು ನೆಲಮಾಳಿಗೆ ಸೇರಬಹುದಂತೆ, ಡಿಟೆಕ್ಟರ್ ಹಿಡಿದು ನೋಡಬೇಕಂತೆ. ಬಿ ಬ್ಲಾಕ್ ನೆಲಮಾಳಿಗೆ ಕೀ ಯಾರ ಹತ್ತಿರ ಇದೆ? ಬೇಗ ಹೇಳಿ. ಅಲ್ಲಿ ಯಾರೂ ಲೈಟ್ ಸ್ವಿಚ್ ಮುಟ್ಟಬೇಡಿ.