ಅಪ್‌ಡೇಟ್: ಕಸಿ ಟೊಮ್ಯಾಟೊ ಸಸಿ ಹಳದಿಯಾಗಿದ್ದು ಯಾಕೆ ಅಂತ ಗೊತ್ತಾಯ್ತು

ಹೋದ ತಿಂಗಳು ಕೇಳಿದ್ದೆ: ಬದನೆ ಬೇರಿಗೆ ಕಸಿ ಕಟ್ಟಿದ ಟೊಮ್ಯಾಟೊ ಸಸಿಗಳು ಎಲ್‌ಇಡಿ ದೀಪದಡಿ ಹಳದಿಯಾಗಿ, ಮಚ್ಚೆ ಮಚ್ಚೆಯಾಗಿ ಕೂತಿವೆ, ಗೊಬ್ಬರ ಹೆಚ್ಚಿಸಲಾ ಅಂತ. (ನಮ್ಮ ಕೋಲಾರದ ಹೊಲದಲ್ಲಿ ಮಣ್ಣಿಂದ ಬರೋ ಸೊರಗು ರೋಗದ ಕಾಟ, ಬದನೆ ಬೇರು ಅದನ್ನ ತಡ್ಕೊಳ್ಳುತ್ತೆ, ಅದಕ್ಕೇ ಈ ಸಾಹಸ.)

ತಪ್ಪು ಗೊಬ್ಬರದ್ದಲ್ಲ, ನನ್ನದೇ. ಬೆಳಕು ಜಾಸ್ತಿಯಾದಷ್ಟೂ ಬೇಗ ಬೆಳೀತಾವೆ ಅಂದ್ಕೊಂಡು ರಾತ್ರಿಯಿಡೀ ದೀಪ ಹಾಕಿಡ್ತಿದ್ದೆ. ಟೊಮ್ಯಾಟೊಗೆ 24 ಗಂಟೆ ಬೆಳಕು ಆಗಿಬರಲ್ಲ, ಎಲೆ ಕೆಡುತ್ತೆ. ಟೈಮರ್ ಹಾಕಿ 16 ಗಂಟೆಗೆ ಇಳಿಸಿದ್ಮೇಲೆ ಹೊಸ ಎಲೆ ಹಸಿರಾಗೇ ಬಂದ್ವು. ಹಳೇ ಎಲೆಯ ಮಚ್ಚೆ ಹಾಗೇ ಉಳೀತು. ಅಂದಹಾಗೆ, ಕೆಂಪು-ನೀಲಿ ದೀಪದಡಿ ಎಲೆ ಎಲ್ಲಾ ಕಪ್ಪುಕಪ್ಪಾಗಿ ಕಾಣೋದ್ರಿಂದ ಹಳದಿಯಾಗಿದ್ದೇ ತಡವಾಗಿ ಗೊತ್ತಾಗಿದ್ದು. ಈಗ ಬಿಳಿ ಎಲ್‌ಇಡಿ ಹಾಕಿದ್ದೀನಿ.

ಎರಡನೇ ಸಲ ಕಸಿ ಕಟ್ಟಿ ಮೊದಲ ಎರಡು ದಿನ ಪೂರ್ತಿ ಕತ್ತಲಲ್ಲಿಟ್ಟೆ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ನೀರಿನ ಹನಿ ಕಟ್ಟುವಷ್ಟು ತೇವ. ಗಾಯ ಕೂಡೋ ತನಕ ಬೇರಿನ ನೀರು ಮೇಲೇರಲ್ಲ; ಆಗಲೇ ಜೋರು ಬೆಳಕು ಬಿದ್ರೆ ಎಲೆ ಜೋತುಬೀಳುತ್ತೆ. ಮೂರನೇ ದಿನದಿಂದ ಮಂದ ಬೆಳಕು, ವಾರದ ಮೇಲೆ ದೀಪ ಸಸಿಗಳ ಹತ್ರಕ್ಕೆ ಇಳಿಸಿದೆ. ಮುಕ್ಕಾಲು ಪಾಲು ಉಳಿದಿವೆ. ಕಸಿ ಹಿಡಿದಿಡೋ ಕ್ಲಿಪ್ಪಿನ ಹತ್ರ ಕಾಂಡ ಸಣ್ಣ ಗಂಟಿನ ಹಾಗೆ ಊದಿದೆ, ಬೆರಳಿಗೆ ಗಟ್ಟಿಯಾಗಿ ಸಿಗುತ್ತೆ.

ಸೋಮವಾರ ನಾಟಿ. ಕಸಿ ಗಂಟು ಮಣ್ಣಿನ ಮೇಲೇ ಇರಬೇಕು, ಇಲ್ಲಾಂದ್ರೆ ಟೊಮ್ಯಾಟೊನೇ ಬೇರು ಬಿಟ್ಟು ರೋಗ ಅಂಟಿಸ್ಕೊಳ್ಳುತ್ತೆ. ಕೆಳಗೆ ಬದನೆ ಚಿಗುರು ಬರ್ತಾನೇ ಇದೆ, ದಿನಾ ಚಿವುಟ್ತಿದ್ದೀನಿ.