ಸಹಾಯ ಬೇಕು: ಲೆಕ್ಕದಲ್ಲಿ ಲಾಭ, ಕೈಯಲ್ಲಿ ದುಡ್ಡಿಲ್ಲ. ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭದ ಪಾಲು) ಕೊಡೋದು ಹೇಗೆ?

ನಮಸ್ಕಾರ. ಬ್ಯಾಡಗಿಯಲ್ಲಿ ನಮ್ಮದೊಂದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಒಣಮೆಣಸಿನಕಾಯಿ ವ್ಯಾಪಾರ. ಷೇರುದಾರರು ಐದೇ ಜನ, ಎಲ್ಲರೂ ಮನೆಯವರೇ. ಈ ವರ್ಷ ಲಾಭ ಬಂದಿದೆ, ಆದರೆ ದುಡ್ಡೆಲ್ಲ ಕೋಲ್ಡ್ ಸ್ಟೋರೇಜ್‌ನ ಚೀಲಗಳಲ್ಲಿ ಕೂತಿದೆ. ದೊಡ್ಡಣ್ಣ ಡಿವಿಡೆಂಡ್ ಬೇಕೇ ಬೇಕು ಅಂತಾರೆ. ಒಮ್ಮೆ ಘೋಷಿಸಿದರೆ 5 ದಿನದೊಳಗೆ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, 30 ದಿನದೊಳಗೆ ಹಂಚಬೇಕು. ಅವಸರಕ್ಕೆ ಮಾಲು ಮಾರಿದರೆ ದರ ಸಿಗಲ್ಲ. ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಸಾಲ ತೆಗೆದು ಹಂಚೋಣ ಅಂತ ಮಾವ ಅಂದರು. ಸುಮ್ನೆ ಬಡ್ಡಿ ಕಟ್ಟೋದು ಯಾಕೆ, ಅಲ್ವಾ?

ಮಾಲು ಮಾರಿ ಹಣ ಬಂದ ಮೇಲೆ ಲಾಭದ ಇಷ್ಟು ಪಾಲು ಮಾತ್ರ ಹಂಚೋದು ಅಂತ ಬರೆದಿಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದೀರಾ? ಎಷ್ಟು ಪಾಲು ಇಟ್ಟಿರಿ? ಮನೆಯವರನ್ನು ಹೇಗೆ ಒಪ್ಪಿಸಿದಿರಿ?