ಜೋಗದ ಲೇಖನವನ್ನು ಜನ ಅರ್ಧಕ್ಕೇ ಬಿಟ್ಟು ಹೋಗುವುದೇಕೆ? ವೆಬ್ ಬರವಣಿಗೆ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಾಗರದ ಕಡೆಯವನು, ಮಲೆನಾಡಿನ ಜಾಗಗಳ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಜೋಗದ ಬಗ್ಗೆ ಇರುವ ಮಾಹಿತಿಯನ್ನೆಲ್ಲ ಸೇರಿಸಿ ಒಂದು ದೊಡ್ಡ ಲೇಖನ ಹಾಕಿದ್ದೇನೆ. ಜನ ಬರುತ್ತಾರೆ, ಆದರೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಲೇಖನದ ಶುರು ಹೀಗಿದೆ: "ಕರ್ನಾಟಕವು ಪ್ರಕೃತಿ ಸೌಂದರ್ಯದ ತವರೂರು. ಇಲ್ಲಿನ ಬೆಟ್ಟಗುಡ್ಡ, ನದಿ, ಕಾನನಗಳು ಪ್ರವಾಸಿಗರನ್ನು ಕೈಬೀಸಿ ಕರೆಯುತ್ತವೆ. ಅಂತಹ ಸ್ಥಳಗಳಲ್ಲಿ ಜೋಗವೂ ಒಂದಾಗಿದೆ." ಎಲ್ಲಿ ತಿದ್ದಬೇಕು?

ಉತ್ತರ: ನಮಸ್ಕಾರ. ಪೂರ್ತಿ ಓದಿದೆ. ಮಾಹಿತಿ ಗಟ್ಟಿಯಾಗಿದೆ, ಅದನ್ನು ಇಟ್ಟಿರುವ ಜಾಗ ಮಾತ್ರ ತಪ್ಪು. ಮೊಬೈಲಿನಲ್ಲಿ ಜೋಗ ಅಂತ ಹುಡುಕುವವರು ಹೆಚ್ಚಾಗಿ ಹೊರಡುವ ಯೋಚನೆಯಲ್ಲಿ ಇರುವವರು. ಅವರಿಗೆ ಮೊದಲು ಬೇಕಾಗಿರುವುದು ಒಂದೇ: ಈಗ ಹೋದರೆ ನೀರು ಇರುತ್ತಾ? ಇದಕ್ಕೆ ನೀವು ಉತ್ತರ ಕೊಟ್ಟಿದ್ದೀರಿ, ಆದರೆ ತೀರಾ ಕೆಳಗೆ, ಹೋಟೆಲ್ ಪಟ್ಟಿಯೆಲ್ಲ ಮುಗಿದ ಮೇಲೆ. ಅಲ್ಲಿವರೆಗೆ ಯಾರೂ ಕಾಯುವುದಿಲ್ಲ. ಜನ ವೆಬ್ ಪುಟವನ್ನು ಹೇಗೆ ಓದುತ್ತಾರೆ ಅಂತ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 1997ರಲ್ಲೇ ಪರೀಕ್ಷೆ ಮಾಡಿ ನೋಡಿದ್ದರು. ಹೊಸ ಪುಟದ ಮೇಲೆ ಸುಮ್ನೆ ಕಣ್ಣಾಡಿಸಿದವರು ಶೇ. 79, ಒಂದೊಂದೇ ಪದ ಓದಿದವರು ಶೇ. 16. ಆಗಿನ್ನೂ ಈಗಿನಂಥ ಮೊಬೈಲ್ ಬಂದಿರಲಿಲ್ಲ.

ನಿಮ್ಮದೇ ಮಾಹಿತಿ ತೆಗೆದುಕೊಂಡು ಶುರುವನ್ನು ಬರೆದು ನೋಡಿದೆ:

"ಜೋಗ ತುಂಬಿ ಧುಮುಕುವುದನ್ನು ನೋಡಬೇಕು ಅಂದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಬನ್ನಿ. ಬೇಸಿಗೆಯಲ್ಲಿ ಬಂದರೆ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತದೆ, ಯಾಕೆಂದರೆ ಶರಾವತಿಯನ್ನು ಮೇಲ್ಗಡೆ ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲಿಸಿದ್ದಾರೆ. ಆ ಅಣೆಕಟ್ಟಿನ ಪೂರ್ಣ ಮಟ್ಟ 1,819 ಅಡಿ. ಹೊರಡುವ ಮುಂಚೆ ಇವತ್ತಿನ ಮಟ್ಟ ಎಷ್ಟು ಅಂತ ಪತ್ರಿಕೆಯಲ್ಲಿ ನೋಡಿಕೊಳ್ಳಿ."

ನೋಡಿ, ಇದರಲ್ಲಿ ವರ್ಣನೆಯೇ ಇಲ್ಲ. ಆದರೂ ಓದುಗರಿಗೆ ಇದು ನಮಗೋಸ್ಕರ ಬರೆದಿದ್ದು ಅನ್ನಿಸುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಒಂದು ಫೋಟೋದ ಅಡಿಬರಹದಲ್ಲಿ ನೀವು ಬರೆದಿದ್ದೀರಿ, ಮಳೆಗಾಲದಲ್ಲಿ ಮಂಜು ಮುಚ್ಚಿ ಎದುರಿಗೆ ಬರೀ ಬಿಳಿ ಕಾಣುತ್ತದೆ, ದೂರದಿಂದ ಬಂದವರು ಬೇಜಾರು ಮಾಡಿಕೊಂಡು ಕಾರು ಹತ್ತುತ್ತಾರೆ, ಆದರೆ ಸ್ವಲ್ಪ ಹೊತ್ತು ತಾಳಿಕೊಂಡು ನಿಂತರೆ ಗಾಳಿ ಬೀಸಿ ಮಂಜು ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣುತ್ತವೆ ಅಂತ. ಇಡೀ ಲೇಖನದಲ್ಲಿ ನನಗೆ ಅತಿ ಇಷ್ಟವಾಗಿದ್ದು ಇದೇ. ಇದು ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತಿರುವ ಮಾತು. 253 ಮೀಟರ್ ಎತ್ತರ ಅನ್ನುವುದು ಎಲ್ಲ ಕಡೆ ಸಿಗುತ್ತದೆ, ಇದು ಸಿಗುವುದಿಲ್ಲ. ದಯವಿಟ್ಟು ಮೇಲೆ ತನ್ನಿ, ಎರಡನೇ ಪ್ಯಾರಾದಲ್ಲೇ ಇರಲಿ.

ಉಪಶೀರ್ಷಿಕೆ: "ತಲುಪುವ ಬಗೆ" ಬೇಡ. "ತಾಳಗುಪ್ಪದವರೆಗೆ ರೈಲಿದೆ" ಅಂತ ಹಾಕಿ, ಅಷ್ಟರಲ್ಲೇ ಅರ್ಧ ಕೆಲಸ ಆಯಿತು. "ವೀಕ್ಷಿಸಬಹುದಾಗಿದೆ", "ಸ್ಥಳವಾಗಿರುತ್ತದೆ" ಇವನ್ನೆಲ್ಲ ಕಚೇರಿ ಸುತ್ತೋಲೆಗೆ ಬಿಟ್ಟುಬಿಡಿ, ನೋಡಬಹುದು ಅಂದರೆ ಸಾಕು.

ಪ್ರಶ್ನೆ: ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಯಾಕೆ ಓದುತ್ತಾರೆ ಮೇಡಂ? ಸ್ವಲ್ಪ ಕುತೂಹಲ ಉಳಿಸಬೇಕು ಅಲ್ವಾ?

ಉತ್ತರ: ಉಳಿಸಬೇಕು, ಆದರೆ ಬೇಕಾದ ಉತ್ತರವನ್ನು ಬಚ್ಚಿಟ್ಟು ಅಲ್ಲ. ಒಂದು ಉತ್ತರ ಸಿಕ್ಕ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ, ಅದನ್ನು ಹಿಡಿಯಿರಿ. ನೀರನ್ನು ಮೇಲೆ ತಡೆದಿದ್ದಾರೆ ಅಂದಿರಿ. ಹಾಗಾದರೆ ಆ ನೀರು ಎಲ್ಲಿ ಹೋಗುತ್ತದೆ? ತಳಕಳಲೆ ಜಲಾಶಯದ ಮೂಲಕ ಶರಾವತಿ ವಿದ್ಯುತ್ ಕೇಂದ್ರಕ್ಕೆ ಹೋಗುತ್ತದೆ, ಜಲಪಾತದ ಹತ್ತಿರ ಸುಳಿಯುವುದೇ ಇಲ್ಲ. ಈ ವ್ಯವಸ್ಥೆ ಯಾವಾಗಿನದು? ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅದಕ್ಕೂ ಮುಂಚೆಯೇ, 1948ರಿಂದ, ಜೋಗದ ಕೆಳಗೆ ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುತ್ ಕೇಂದ್ರ ಕೆಲಸ ಮಾಡುತ್ತಿತ್ತು. ನೀವು "ಇತಿಹಾಸ" ಅಂತ ಬೇರೆ ಕಂತೆ ಕಟ್ಟಿ ಇಟ್ಟಿದ್ದೀರಲ್ಲ, ಅದೇ ವಿಷಯ ಇದು. ಇಲ್ಲಿ ಓದುಗರೇ ಕೇಳಿಕೊಂಡು ಬರುತ್ತಾರೆ. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಊರು ಬಿಟ್ಟ ಕುಟುಂಬಗಳ ಮಾತು ಕೂಡ ಇಲ್ಲೇ ಬರಬೇಕು. ನಿಮ್ಮ ಕಡೆಯ ಹಿರಿಯರು ಯಾರಾದರೂ ಇದ್ದರೆ ಕೂತು ಮಾತಾಡಿಸಿ ಬರೆಯಿರಿ, ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅದು ಆಗದ ಕೆಲಸ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನನ್ನ ಹಳೆಯ ಲೇಖನಗಳು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಬ್ಲಾಗಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಚಿತ್ರ ಮಾಡಿ ಹಾಕಲಾ?

ಉತ್ತರ: ಬೇಡ ಸರ್. ಚಿತ್ರ ಮಾಡಿದರೆ ಸರ್ಚ್‌ನಲ್ಲಿ ಸಿಗುವುದು ಕಷ್ಟ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದುವುದಿಲ್ಲ, ಮೊಬೈಲಿನಲ್ಲಿ ಅಕ್ಷರ ಚಿಕ್ಕದಾಗುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಆಕಾರ ಅಷ್ಟೇ. ಕನ್ನಡಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ಕಣ್ಣಿಟ್ಟು ನೋಡಿ, ಹೆಚ್ಚು ಕೆಡುವುದು ಅಲ್ಲೇ. ಸಾಲುಗಳ ನಡುವೆ ಜಾಗವನ್ನೂ ಸ್ವಲ್ಪ ಜಾಸ್ತಿ ಬಿಡಿ. ನಮ್ಮ ಒತ್ತುಗಳು ಕೆಳಗೆ ಇಳಿಯುವುದರಿಂದ ಇಂಗ್ಲಿಷ್‌ಗೆ ಸಾಕಾಗುವ ಅಂತರ ಕನ್ನಡಕ್ಕೆ ಇಕ್ಕಟ್ಟಾಗುತ್ತದೆ.

ಪ್ರಶ್ನೆ: ಒಂದು ಲೇಖನ ಎಷ್ಟು ಪದ ಇರಬೇಕು?

ಉತ್ತರ: ಲೆಕ್ಕ ಇಟ್ಟುಕೊಳ್ಳಬೇಡಿ. ತಾಳಗುಪ್ಪದಿಂದ ಬಸ್ಸು ಹೇಗೆ ಅಂತ ಹೇಳಲು ನೂರು ಪದ ಸಾಕು, ಮುಳುಗಡೆಯ ಕತೆಗೆ ಎರಡು ಸಾವಿರವೂ ಸಾಲದು. ಎರಡನ್ನೂ ಒಂದೇ ಪುಟಕ್ಕೆ ತುರುಕದೆ ಬೇರೆ ಬೇರೆ ಬರೆದು ಲಿಂಕ್ ಕೊಡಿ. ಲಿಂಕ್ ಮೇಲೆ "ಇಲ್ಲಿ ಕ್ಲಿಕ್ ಮಾಡಿ" ಅಂತ ಬರೆಯದೆ ಒಳಗೆ ಏನಿದೆ ಅದನ್ನೇ ಬರೆಯಿರಿ. ಸಾಗರದವರೇ, ತಿದ್ದಿ ಹಾಕಿದ ಮೇಲೆ ಗುಂಪಿಗೆ ಕಳಿಸಿ, ಮತ್ತೆ ಓದುತ್ತೇನೆ. ಲೇಖನದ ಮೇಲೆ ತಾರೀಕು ಇರಲಿ, ಬಸ್ಸಿನ ಸಮಯ ಬದಲಾಗುತ್ತಾ ಇರುತ್ತದೆ.